ಮದುವೆಗೆ ಮೊದಲು ಒಂದು ರಿಪೋರ್ಟು

ಕ್ಯಾಸಂಬಳ್ಳಿ, ಬುಧವಾರ

ಮುನಿರಾಜು ಅವರಿಗೆ ಸುಕನ್ಯ ಮಾಡುವ ನಮಸ್ಕಾರ.

ನಮ್ಮ ಮದುವೆಗೆ ಇನ್ನು ಒಂದೇ ತಿಂಗಳು. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ನಿಮ್ಮ ನಂಬರ್ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ.

ಹೋದ ವಾರ ಹಾಲಿನ ಡೇರಿ ಹತ್ತಿರ ನಡೆದ ಆರೋಗ್ಯ ತಪಾಸಣೆ ಕ್ಯಾಂಪಿಗೆ ಅಮ್ಮನ ಜೊತೆ ಹೋದವಳು ನಾನೂ ಪರೀಕ್ಷೆಗೆ ರಕ್ತ ಕೊಟ್ಟೆ. ಮೂರು ತಿಂಗಳ ಸಕ್ಕರೆ ತೋರಿಸುವ ಪರೀಕ್ಷೆಯಲ್ಲಿ ಆರು ಪಾಯಿಂಟ್ ಎರಡು ಬಂದಿದೆ. "ಇದು ಸಕ್ಕರೆ ಕಾಯಿಲೆ ಅಲ್ಲಮ್ಮ, ಆದರೆ ಹೀಗೇ ಬಿಟ್ಟರೆ ಬರುವ ಸಂಭವ ಹೆಚ್ಚು" ಎಂದರು ಡಾಕ್ಟರು. ನನಗಿನ್ನೂ ಇಪ್ಪತ್ತಾರು. ಅಮ್ಮನ ಕಾಲ್ಬೆರಳು ತೆಗೆಸಿದ್ದೂ ಈ ಕಾಯಿಲೆಯಿಂದಲೇ. ಮುಳ್ಳು ಚುಚ್ಚಿ ಹಾಗಾಯಿತೆಂದು ನಿಮ್ಮವರಿಗೆ ಸುಳ್ಳು ಹೇಳಿದ್ದೆವು.

ರಿಪೋರ್ಟನ್ನು ಅಮ್ಮ ಸೀರೆ ಮಡಿಕೆಯೊಳಗೆ ಬಚ್ಚಿಟ್ಟಳು. "ಸುಮ್ಕಿರೇ, ತಾಳಿ ಕಟ್ಟಿದ್ ಮೇಲೆ ಏಳೀವಂತೆ" ಎಂದಳು.

ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಹಸುವಿಗೆ ಹುಲ್ಲು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ಹೋಗಿ ನೋಡುತ್ತೇನೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ಬಿರಬಿರನೆ ನಡೆಯುತ್ತೇನೆ. ನಡೆಯಬೇಕೆಂದು ಡಾಕ್ಟರೂ ಹೇಳಿದ್ದಾರೆ, ನಿಂತರೆ ಭಯವೂ ಆಗುತ್ತದೆ.

ಅಮ್ಮನಿಗೆ ತಿಳಿಸಿಯೇ ಇದನ್ನು ಬರೆಯುತ್ತಿದ್ದೇನೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಬೇಡವೆನಿಸಿದರೆ ನನಗೇ ಹೇಳಿ, ಅಮ್ಮನಿಗೆ ಹೇಳಿಕಳಿಸಬೇಡಿ. ಒಪ್ಪಿಗೆಯಿದ್ದರೆ ಮುಂದಿನ ಶನಿವಾರ ಬೆಳಿಗ್ಗೆ ಬಂಗಾರಪೇಟೆ ಬಸ್ ಸ್ಟ್ಯಾಂಡಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ನಿಶ್ಚಿತಾರ್ಥದ ದಿನ ನಿಮ್ಮ ತಂದೆ ಪಾಯಸ ಮುಟ್ಟದೆ, ಊಟಕ್ಕೆ ಮೊದಲು ಮರೆಯಲ್ಲಿ ಮಾತ್ರೆ ನುಂಗಿದ್ದನ್ನು ನಾನು ನೋಡಿದ್ದೇನೆ. ನಿಮ್ಮ ರಕ್ತವನ್ನೂ ಒಮ್ಮೆ ಪರೀಕ್ಷೆಗೆ ಕೊಟ್ಟು ಬರೋಣ.

ನಾನಂತೂ ಏಳೂವರೆಗೇ ಬಂದಿರುತ್ತೇನೆ.

ಇಂತಿ,
ಸುಕನ್ಯ