ಬೊಗಸೆ ಬೂದಿ

ಮೇ ೧೧, ಭಾನುವಾರ ರಾತ್ರಿ

ಇದನ್ನು ಕದ್ದು ಓದುತ್ತಿರುವವರೇ, ನಾಚಿಕೆಯಾಗುವುದಿಲ್ಲವೇ? ದೀಪ ಆರಿಸಿ ಮಲಗಿ.

ಮೊಮ್ಮಗಳು ಕೃಷಿ ಯೋಜನೆಯ ಕಚೇರಿಯಲ್ಲಿ ಬ್ಲಾಗು ಬರೆಯುತ್ತಾಳೆ. ಬಿತ್ತನೆ ಕಾಳಿಗೆ ಹುಳು ಬೀಳದಂತೆ ಮೊರಕ್ಕೊಂದು ಬೊಗಸೆ ಬೂದಿ ಬೆರೆಸಬೇಕೆಂದು ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹಾಕಿದ್ದಳು. ಇವತ್ತು ಸಮುದ್ರದಾಚೆಯ ಹೆಂಗಸೊಬ್ಬಳು ಬರೆದಿದ್ದಾಳೆ: ಹೇಳಿದಷ್ಟೇ ಬೂದಿ ಹಾಕಿದೆ, ಅರ್ಧ ಕಾಳಿಗೆ ಹುಳು ಬಿತ್ತು, ಮುಂದಿನ ತಿಂಗಳು ಬಿತ್ತಬೇಕು.

"ಎಷ್ಟು ಅಂತ ಬರ್ದಿದ್ಯೇ?" ಅಂದೆ.

"ಒಂದು ಕೈ ತುಂಬ ಅಂತ, ಅಜ್ಜಿ."

"ಬೊಗಸೆಗೆ ಎರಡು ಕೈ ಬೇಕಲ್ವೇನೇ?"

"ಅವರ ಭಾಷೇಲಿ ಅದಕ್ಕೆ ಸರಿಯಾದ ಪದ ಸಿಗ್ಲಿಲ್ಲಜ್ಜಿ."

"ಪದ ಇಲ್ದಿದ್ರೆ ಅವರಿಗೆ ಕೈನೂ ಇಲ್ವಾ?"

ಎರಡೂ ಕೈ ಜೋಡಿಸಿ ಹಿಡಿದೆ. ಅವಳು ಫೋಟೊ ತೆಗೆದು ಬ್ಲಾಗಿಗೆ ಹಾಕಿದಳು. ನಾವು ಉಂಡು ಏಳುವಷ್ಟರಲ್ಲಿ ಫೋನಿನ ತುಂಬ ಬೊಗಸೆಗಳು. ಕಪ್ಪು ಕೈ, ಬಿಳಿ ಕೈ, ಬೆರಳು ತುಂಡಾದ ಕೈ, ಉಂಗುರ ಸಡಿಲವಾದ ಮುದಿ ಕೈ, ಎಲ್ಲರದೂ ಒಂದೇ ಪ್ರಶ್ನೆ, ಹೀಗೇನಾ ಎಂದು. ಅವರ ದೇಶಗಳ ಒಂದು ಹೆಸರಿಗೂ ನನ್ನ ನಾಲಿಗೆ ಹೊರಳಲಿಲ್ಲ. ಈ ಮನೆಯಲ್ಲೇ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಷ್ಟು ದೂರದವರು ನನ್ನ ಮಾತು ನಂಬಿ ಕೈ ಜೋಡಿಸಿ ಕೂತಿದ್ದಾರೆ. ಹಿಗ್ಗೂ ಆಯಿತು, ಹೆದರಿಕೆಯೂ ಆಯಿತು.

ಆ ಹೆಂಗಸಿನ ಕೈ ಮಾತ್ರ ಇನ್ನೂ ಬಂದಿಲ್ಲ. ಇದಿಷ್ಟನ್ನು ಬೆಳಿಗ್ಗೆ ಮೊಮ್ಮಗಳಿಂದ ಬರೆಸಿ ಕಳಿಸಬೇಕು: ತಾಯೀ, ಹುಳು ತಿಂದದ್ದನ್ನು ಆರಿಸಿ ಬಿಸಾಡು, ಉಳಿದದ್ದನ್ನು ಬಿಸಿಲಿಗೆ ಹರಡಿ ಮೊರಕ್ಕೆ ಎರಡೂ ಕೈ ತುಂಬ ಬೂದಿ ಬೆರೆಸು. ಕಾಳು ಉಳಿಯಿತೋ ಇಲ್ಲವೋ, ಈ ತಿಂಗಳು ಮುಗಿಯುವುದರೊಳಗೆ ಬರೆದು ತಿಳಿಸು.