ಕುರ್ಚಿ ಇಲ್ಲದ ಕಾರಿಡಾರಿನಿಂದ ಹಿಂದಿರುಗಿದ ಹನ್ನೊಂದು ನರ್ಸುಗಳು

ದೊಡ್ಡಾಸ್ಪತ್ರೆಯ ಮಾನ್ಯ ನೇಮಕಾತಿ ಅಧಿಕಾರಿಗಳೇ,

‘ಅನುಭವಿ ನರ್ಸುಗಳೇ ಸಿಗುತ್ತಿಲ್ಲ’ ಎಂದು ಪತ್ರಿಕೆಯಲ್ಲಿ ಗೋಳಾಡಿದ್ದೀರಿ. ಸಿಕ್ಕಿದ್ದೆವು ಸ್ವಾಮಿ. ಹನ್ನೊಂದು ಜನ ನಿಮ್ಮ ಬಾಗಿಲಿಗೇ ಬಂದಿದ್ದೆವು. ಅಟ್ಟಿದವರು ನೀವು.

ಸಂದರ್ಶನಕ್ಕೆಂದು ಒಂಬತ್ತಕ್ಕೆ ಬರಹೇಳಿ ಎರಡೂವರೆಗೆ ದರ್ಶನ ಕೊಟ್ಟಿರಿ. ಕಾರಿಡಾರಿನಲ್ಲಿದ್ದ ಮೂರು ಕುರ್ಚಿಗಳನ್ನೂ ಮೀಟಿಂಗಿಗೆಂದು ನಿಮ್ಮ ಗುಮಾಸ್ತರು ಎತ್ತಿಕೊಂಡು ಹೋದರು. ನಮ್ಮಲ್ಲೊಬ್ಬಳು ಏಳು ತಿಂಗಳ ಬಸುರಿ. ‘ಒಂದಾದ್ರೂ ಬಿಡಿ ಸರ್’ ಎಂದು ಕೇಳಿದ್ದಕ್ಕೆ, ‘ಕೂತ್ಕೊಳ್ಳೋಕೆ ಬಂದ್ರಾ, ಕೆಲ್ಸ ಕೇಳೋಕೆ ಬಂದ್ರಾ?’ ಎಂದರು. ಆಕೆ ಮೆಟ್ಟಿಲ ಮೇಲೆ ಕೂತಳು. ಇದು ನಡೆದದ್ದು ಆಸ್ಪತ್ರೆಯಲ್ಲಿ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ನನ್ನ ಸರದಿ ಬಂತು. ನವಜಾತ ಶಿಶುಗಳ ವಾರ್ಡಿನಲ್ಲಿ ಹದಿನೆಂಟು ವರ್ಷ ದುಡಿದವಳು ನಾನು. ಅಂಗೈಯಷ್ಟು ಕೂಸಿನ ಕೂದಲೆಳೆಯಂಥ ನರಕ್ಕೆ ಸೂಜಿ ಹಾಕುವ ಕೈ ಇದು. ನೀವು ಫೋನಿನಿಂದ ಕಣ್ಣೆತ್ತದೆ ಕೇಳಿದಿರಿ: ‘ಎಷ್ಟು ಜನಕ್ಕೆ ಅಡುಗೆ ಮಾಡಿ ಅಭ್ಯಾಸ ಇದೆ?’

‘ಸರ್, ನಾನು ನರ್ಸು. ನಿಮ್ಮ ಕೈಲಿರೋದು ಬೇರೆಯವರ ಅರ್ಜಿ.’

‘ಇರಲಿ, ಕೇಳಿದ್ದಕ್ಕೆ ಉತ್ತರ ಕೊಡಿ.’

ಮನೆಯಲ್ಲಿ ಐದು ಜನ ಎಂದೆ. ಬರೆದುಕೊಂಡಿರಿ. ‘ತಿಳಿಸ್ತೀವಿ’ ಎಂದಿರಿ. ಆಮೇಲೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ತಾವು ಊಟಕ್ಕೆ ಹೋಗಿದ್ದಿರಿ; ಒಮ್ಮೆಯಂತೂ ಬೆಳಗ್ಗೆ ಹತ್ತಕ್ಕೇ.

ಅದೇ ತಿಂಗಳು ನಾವೆಲ್ಲ ರೈಲು ಹಳಿಯಾಚೆಯ ನಲವತ್ತು ಹಾಸಿಗೆಯ ಪುಟ್ಟ ಆಸ್ಪತ್ರೆಗೆ ಹೋದೆವು. ಅಲ್ಲಿನ ಮೇಟ್ರನ್ ನಮ್ಮ ಅರ್ಜಿಗಳನ್ನು ಓದಿಕೊಂಡು ಬಂದಿದ್ದರು. ಎಂಥ ವಿಚಿತ್ರ ಪದ್ಧತಿ ನೋಡಿ. ಸಂಬಳ ನಿಮ್ಮಲ್ಲಿಗಿಂತ ಕಡಿಮೆ, ಆದರೂ ಏಳು ಜನ ಸೇರಿಕೊಂಡೆವು. ಬಸುರಿಗೆ, ‘ಹೆರಿಗೆ ಮುಗಿಸ್ಕೊಂಡು ಬಾಮ್ಮ, ಜಾಗ ಇಟ್ಟಿರ್ತೀನಿ’ ಎಂದರು, ಇಟ್ಟರು ಕೂಡ. ಆಯ್ಕೆಯಾಗದ ನಾಲ್ವರಿಗೆ ಕಾರಣ ತಿಳಿಸಿ ಪತ್ರ ಹೋಯಿತು. ಅವರಲ್ಲೊಬ್ಬಳು ಈಗ ತನ್ನ ತಂಗಿಯನ್ನೇ ಅಲ್ಲಿಗೆ ಕಳಿಸಿದ್ದಾಳೆ. ಐದು ತಿಂಗಳ ಮೇಲೆ ನಮ್ಮಲ್ಲೊಬ್ಬಳಿಗೆ ನಿಮ್ಮ ನೇಮಕಾತಿ ಆದೇಶವೂ ಬಂತು. ಅವಳು ಓದಿ ಹಿಂದಕ್ಕೆ ಕಳಿಸಿದಳು. ಕೆಲಸ ಸಿಗದವರೂ ಹೊಗಳುವ ಆಸ್ಪತ್ರೆ ಅದು, ಸಿಕ್ಕವರೂ ಬೇಡವೆನ್ನುವ ಆಸ್ಪತ್ರೆ ನಿಮ್ಮದು. ಇದನ್ನು ಅರ್ಥ ಮಾಡಿಕೊಳ್ಳಲು ತಮಗೊಂದು ಸಮಿತಿ ಬೇಕೆ?

ನಮ್ಮಣ್ಣನ ಮಗಳು ಈ ಸಲ ನರ್ಸಿಂಗ್ ಪರೀಕ್ಷೆಯಲ್ಲಿ ಕಾಲೇಜಿಗೇ ಮೊದಲು. ‘ಅತ್ತೆ, ದೊಡ್ಡಾಸ್ಪತ್ರೆಗೆ ಹಾಕ್ಲಾ?’ ಎಂದಳು. ಬೇಡ ಎನ್ನಲಿಲ್ಲ, ನಡೆದದ್ದನ್ನು ಹೇಳಿದೆ, ಅಷ್ಟೇ. ‘ನಮ್ಗೇ ಹೀಗಾದ್ರೆ ಪೇಷಂಟ್‌ಗಳ ಗತಿ ಏನತ್ತೆ?’ ಎಂದವಳು ಅರ್ಜಿ ಮಡಿಸಿಟ್ಟಳು. ಸಂಜೆಯೊಳಗೆ ಅವಳ ತರಗತಿಗೆಲ್ಲ ವಿಷಯ ಮುಟ್ಟಿತ್ತು.

ನಿಮ್ಮ ಶಿಶು ವಾರ್ಡಿನಲ್ಲಿ ಈಗ ಹದಿನಾರು ತೊಟ್ಟಿಲಿಗೆ ಒಬ್ಬಳೇ ನರ್ಸು ಎಂದು ಕೇಳಿದೆ. ಆ ಕೂಸುಗಳು ನಿಮಗೇನು ಅನ್ಯಾಯ ಮಾಡಿದ್ದವು? ಅವುಗಳ ಪರವಾಗಿ ಕೇಳುತ್ತಿದ್ದೇನೆ: ಆ ಜಾಗದಿಂದ ಎದ್ದುಬಿಡಿ. ಎದುರಿಗೆ ನಿಂತವರ ಮುಖ ನೋಡಬಲ್ಲ ಯಾರಾದರೂ ಅಲ್ಲಿ ಕೂರಲಿ.

ಇಂತಿ,
ಆ ಹದಿನಾರು ತೊಟ್ಟಿಲುಗಳ ಉಪಯೋಗಕ್ಕೆ ಬಾರದೆ ಹೋದ
ಹಳಿಯಾಚೆಯ ಸಿಸ್ಟರ್