ನಲವತ್ತೊಂದನೆಯವಳು

ಫೆಬ್ರವರಿ 18, ಮಧ್ಯಾಹ್ನ 3.40

ದಾದಿಗೆ, ಅಬ್ಬಾನ ಅಮ್ಮನಿಗೆ, ಗಂಜಿ ಕುಡಿಸಿದೆ. ಆರು ಚಮಚ. ಮಗ್ಗಲು ಬದಲಿಸಿದೆ. ಬೆನ್ನಿಗೆ ಪೌಡರ್. ನೋವಿನ ಮಾತ್ರೆ ನಾಲ್ಕಕ್ಕೆ. ಅಬ್ಬಾ ಸಾಣಾಪುರ ಕ್ರಾಸಿನ ಪಂಕ್ಚರ್ ಅಂಗಡಿಯಲ್ಲಿ, ಅಮ್ಮಿ ಹೋಂಸ್ಟೇ ಅಡುಗೆಮನೆಯಲ್ಲಿ. ಇಬ್ಬರೂ ಬರುವುದು ಸಂಜೆಗೇ. ಲಿವರ್ ಕ್ಯಾನ್ಸರ್, ಇನ್ನು ಒಂದು ವಾರ ಎಂದು ಕೊಪ್ಪಳದ ಡಾಕ್ಟರು ಮನೆಗೆ ಕಳಿಸಿ ಹನ್ನೆರಡು ದಿನ. ಗಂಗಾವತಿ ಕಾಲೇಜಿನ ಮುಖ ನೋಡಿ ತಿಂಗಳಾಯಿತು. ಅಟೆಂಡೆನ್ಸ್ ಶಾರ್ಟೇಜ್ ಗ್ಯಾರಂಟಿ.

ಹಿತ್ತಲ ಕಾಲುವೆ ಮೆಟ್ಟಿಲಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದೆ. ಒಬ್ಬ ಹುಡುಗ ಬಂದು ಕೂತ. ನಡುವಿಗೊಂದು ತುಂಡು ಬಟ್ಟೆ, ಮೈಯೆಲ್ಲ ಒದ್ದೆ. ಕೆರೆಯಲ್ಲಿ ಟೂರಿಸ್ಟರಿಗೆ ಹರಿಗೋಲು ಹಾಕುವವನು ಅಂದುಕೊಂಡೆ.

"ಮುದುಕಿ ಎಚ್ಚರ ಅದಾಳೇನು?" ಎಂದು ಕೇಳಿದ.

ಬೈದೆ. ಎದ್ದು ಹೋಗಲಿಲ್ಲ. ನಕ್ಕ.

ಫೆಬ್ರವರಿ 21

ದಿನಾ ಬರುತ್ತಾನೆ. ಅದೇ ಹೊತ್ತಿಗೆ, ಬಿಸಿಲು ಚುರುಗುಟ್ಟುವಾಗ. ಮೈ ಮಾತ್ರ ಒಣಗುವುದಿಲ್ಲ. ಇವತ್ತು ಕದ್ದು ಫೋಟೋ ತೆಗೆದೆ. ಬರೀ ಮೆಟ್ಟಿಲು ಬಂತು. ಮತ್ತೊಮ್ಮೆ ತೆಗೆದೆ. ಅದರಲ್ಲೂ ಮೆಟ್ಟಿಲೇ.

ಹೆದರಬೇಡ ಎಂದ. ಹೆಸರು ವಿರುಪಾಕ್ಷಿಯಂತೆ. ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದನಂತೆ — ಆಚೆ ದಂಡೆಯ ಪಟ್ಟಣ ಸುಟ್ಟ ವರ್ಷ. ಆಚೆ ದಂಡೆ ಎಂದರೆ ಹಂಪಿ.

ಓಡಬೇಕಿತ್ತು. ಓಡಲಿಲ್ಲ. ತಿಂಗಳಿನಿಂದ ನನ್ನ ಜೊತೆ ಗಂಜಿ, ಮಾತ್ರೆ, ಬೆಡ್‌ಪ್ಯಾನ್ ಬಿಟ್ಟು ಬೇರೆ ಮಾತಾಡಿದವರೇ ಇಲ್ಲ. ಅದಕ್ಕೇ ಇರಬೇಕು...

ಫೆಬ್ರವರಿ 25

ಹಿಸ್ಟರಿ ಪುಸ್ತಕ ಓದಿ ಹೇಳಿದೆ. ಯುದ್ಧಕ್ಕೆ ಒಂದೂವರೆ ಪುಟ. ನಗರ ಹಾಳಾದದ್ದಕ್ಕೆ ಎರಡೇ ಸಾಲು. ಮತ್ತೊಮ್ಮೆ ಓದು ಎಂದ. ಓದಿದೆ. "ಬರೇ ಇಷ್ಟ ಏನು?" ಎಂದ.

ಆಮೇಲೆ ಹೇಳಿದ. ದಂಡೆಯಲ್ಲಿ ನಲವತ್ತೊಂದು ಮಂದಿ ಉಳಿದಿದ್ದರು. ಹರಿಗೋಲಿಗೆ ಹತ್ತೇ ಜನ. ಹಿಂದೆ ಹೊಗೆ, ಕುದುರೆಗಳ ಸದ್ದು. ಹೆದರಿಬಿಟ್ಟ. ಒಬ್ಬನೇ ಹತ್ತಿ ಹೊರಟ. ಅಂಚು ಹಿಡಿದವರ ಕೈಗಳನ್ನು ಹುಟ್ಟಿನಿಂದ ಹೊಡೆದು ಬಿಡಿಸಿದ. ನಡುಹೊಳೆಯಲ್ಲಿ ಮಗುಚಿತು. ಆಗ ಹತ್ತೊಂಬತ್ತು ಅವನಿಗೆ. ನನಗೂ ಹತ್ತೊಂಬತ್ತೇ.

ಅವನ ಅಂಗೈ ಮುಟ್ಟಿದೆ. ತಣ್ಣಗೆ, ಜಡ್ಡುಗಟ್ಟಿದ ಕೈ. ಬಿಡಲಿಲ್ಲ. ಅವನೂ ಬಿಡಲಿಲ್ಲ.

ಮಾರ್ಚ್ 2

ರಂಜಾನ್ ಉಪವಾಸ, ಮೊದಲ ರೋಜಾ. ಇವತ್ತು ಕೇಳಿಯೇಬಿಟ್ಟೆ — ದಾದಿಯ ಸುದ್ದಿ ನಿನಗೇಕೆ ಎಂದು.

"ಬಿಟ್ಟು ಬಂದಷ್ಟು ಮಂದೀನ ದಾಟಿಸಬೇಕು. ಸಾಯೋ ಹೊತ್ತಿನಾಗ ಕೈ ಹಿಡಿದು ಕರಕೊಂಡು ಹೋಗಬೇಕು. ನಲವತ್ತು ಮಂದಿ ಆದ್ರು. ನಿಮ್ಮ ದಾದಿ ಕಡೇದಾಕಿ."

ಅಷ್ಟು ಶತಮಾನಗಳಲ್ಲಿ ನಲವತ್ತೇ ಜನ. ಹೊಳೆ ಕಳಿಸಿದಾಗಷ್ಟೇ ಬರಬಹುದಂತೆ. ದಾದಿಯ ಹೊತ್ತು ಹೋದ ತಿಂಗಳು ಹದಿನೆಂಟನೇ ತಾರೀಖಿಗೇ ಆಗಿತ್ತಂತೆ. ಅವತ್ತೇ ಅವನು ಬಂದದ್ದು. ಮತ್ತೆ ಯಾಕೆ ನಿಂತೆ ಎಂದೆ. ನನ್ನ ಮುಖ ನೋಡಿದ. ದಾಟಿಸಿದ ಮೇಲೆ ನೀನು? ಅದು ಅವನಿಗೂ ತಿಳಿಯದು. ಇಲ್ಲಿಗಂತೂ ಬರುವುದಿಲ್ಲ.

"ಬ್ಯಾಡ," ಎಂದೆ. "ಕರಕೊಂಡು ಹೋಗಬ್ಯಾಡ."

ದಾದಿ ಉಳಿಯಲಿ ಎಂದು ಅಂದೆನಾ? ಅಷ್ಟು ಒಳ್ಳೆಯವಳಲ್ಲ ನಾನು.

ಮಾರ್ಚ್ 5

ಇವತ್ತು ನಕ್ಕು ನಕ್ಕು ಹೊಟ್ಟೆ ನೋವು. ಹಂಪಿ ನೋಡಲು ಟಿಕೆಟ್ ಎಂದರೆ ನಂಬಲೇ ಇಲ್ಲ ಅವನು. ಮುರಿದ ಕಲ್ಲು ನೋಡಲು ಯಾರು ಬರುತ್ತಾರೆ ಎಂದ. ಫೋನಿನಲ್ಲಿ ತೋರಿಸಿದೆ. ನಗು ನಿಂತಿತು. ಒಂದೂ ಬೀದಿಯ ಗುರುತು ಸಿಗಲಿಲ್ಲ ಅವನಿಗೆ.

ಮಾರ್ಚ್ 14

ಒಂಬತ್ತು ದಿನ ಬರೆದಿಲ್ಲ. ಬರೆಯಲು ಭಯ.

ದಾದಿಯ ಬೆನ್ನಿನ ಹುಣ್ಣು ಅಂಗೈಯಗಲ ಆಗಿದೆ. ನೋವಿನ ಪಟ್ಟಿ ಅಂಟಿಸಿದರೂ ನರಳಾಟ ನಿಲ್ಲದು. ಮನೆಗೆ ಬಂದ ಡಾಕ್ಟರು ನಾಡಿ ಹಿಡಿದು ನೋಡಿದರು. ಈ ಮೈಯಲ್ಲಿ ಜೀವ ಹೇಗೆ ನಿಂತಿದೆಯೋ ಎಂದು ಅಬ್ಬಾನ ಹತ್ತಿರ ಅಂದರಂತೆ. ನನಗೆ ಗೊತ್ತು ಹೇಗೆ ಎಂದು.

ಕನಕಗಿರಿಯಿಂದ ಮೈಮುನಬಿ ಫೂಫಿ ಬಂದಿದ್ದಾಳೆ, ಅಬ್ಬಾನ ಅಕ್ಕ. ಮಂಚದ ಪಕ್ಕ ಕೂತು ಕುರಾನಿನ ಯಾಸೀನ್ ಓದುತ್ತಾಳೆ. ರಂಜಾನಿನಲ್ಲಿ ಹೋದರೆ ಭಾಗ್ಯ ಎನ್ನುತ್ತಾಳೆ. ನಾನು ಎದ್ದು ಹಿತ್ತಲಿಗೆ ಬರುತ್ತೇನೆ.

"ನೀ ಹೇಳು. ಈಗಂದ್ರ ಈಗ," ಎಂದ ವಿರುಪಾಕ್ಷಿ.

ನಾಳೆ ಹೇಳುತ್ತೇನೆ ಎಂದೆ.

ಮಾರ್ಚ್ 15

ಹೇಳಲಿಲ್ಲ.

ಮಾರ್ಚ್ 16

ಇಲ್ಲ.

ಮಾರ್ಚ್ 19

ಅಮ್ಮಿ ಬಚ್ಚಲಲ್ಲಿ ಒಬ್ಬಳೇ ಅಳುತ್ತಿದ್ದಳು. ಅತ್ತೆಯ ಜೀವ ಬೇಗ ಹೋಗಲಿ ಎಂದು ದುವಾ ಕೇಳುತ್ತಿದ್ದೇನೆ, ನಾನೆಂಥ ಸೊಸೆ ಎಂದಳು. ತಪ್ಪು ನಿನ್ನದಲ್ಲ ಅಮ್ಮಿ ಎಂದು ಹೇಳಲು ಬಾಯಿ ತೆರೆದೆ. ಏನಂತ ಹೇಳಲಿ?

ಮೂರಕ್ಕೆ ಅವನ ಹೆಗಲಿಗೆ ತಲೆ ಆನಿಸಿ ಕೂತೆ. ಒಳಗಿಂದ ದಾದಿಯ ಕೂಗು. ಅವನು ಎರಡೂ ಕಿವಿ ಮುಚ್ಚಿಕೊಂಡ. ದಂಡೆಯಲ್ಲಿ ಉಳಿದವರೂ ಹೀಗೇ ಕೂಗುತ್ತಿದ್ದರು ಎಂದ. ಆದರೂ ಇಬ್ಬರೂ ಏಳಲಿಲ್ಲ.

ಮಾರ್ಚ್ 23, ಸಂಜೆ

ಫೂಫಿ ನಮಾಜಿಗೆ ಎದ್ದಿದ್ದಳು. ನಾನು ಒದ್ದೆ ಹತ್ತಿಯಿಂದ ದಾದಿಯ ತುಟಿ ಒರೆಸುತ್ತಿದ್ದೆ. ಕಣ್ಣು ತೆರೆದಳು. ನಿಚ್ಚಳ ನೋಟ.

"ಮಾತಾಡಿದ್ದು ಸಾಕಾತೇನು ಬೇಟಿ?"

ಹತ್ತಿಯನ್ನು ಬಟ್ಟಲಲ್ಲಿ ಇಟ್ಟೆ.

"ಅವ ಮೊದಲ ದಿನ ರಾತ್ರಿ ಮಂಚದ ಹತ್ರ ಬಂದು ಏಳು ಅಂದ. ತಡಿಯಪ್ಪಾ ಅಂದೆ. ನಮ್ಮ ಹುಡುಗಿ ನಗೂದ ಮರ್ತಾಳ, ನಾಕು ದಿನ ನಿನ್ನ ಜೋಡಿ ಮಾತಾಡ್ಲಿ ಅಂದೆ." ಉಸಿರು ಸಿಕ್ಕಿಕೊಂಡಿತು. ಕಾದೆ. "ನಾಕು ದಿನ ಭಾಳ ಉದ್ದ ಆದವು ಬೇಟಿ. ಇನ್ನ ಆಗವಲ್ದು."

ಮೂವತ್ತಮೂರು ದಿನ. ಒಂದೊಂದು ದಿನವನ್ನೂ ಕದಿಯುತ್ತಿದ್ದೇನೆ ಅಂದುಕೊಂಡಿದ್ದೆ. ಅವಳು ಕೊಡುತ್ತಿದ್ದಳು. ಕದ್ದದ್ದೇ ಆಗಿದ್ದರೆ ಇಷ್ಟು ಸುಡುತ್ತಿರಲಿಲ್ಲ.

ನಾಳೆ.

ಮಾರ್ಚ್ 24

ಹೇಳಿದೆ. ಕರಕೊಂಡು ಹೋಗು ಎಂದೆ. ದಾದಿ ಅಂದದ್ದನ್ನು ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ನೀನು ಆವತ್ತೇ ಕಳಿಸಿಬಿಡುತ್ತಿದ್ದೆ ಎಂದ. ತಲೆ ಎತ್ತಲಿಲ್ಲ. ಸಿಟ್ಟು ಬರಲಿಲ್ಲ ನನಗೆ. ನನ್ನ ಹೆಸರು ಹೇಳು ಎಂದೆ. ಅತೀಯಾ ಎಂದ. ಇನ್ನೊಮ್ಮೆ ಎಂದೆ. ಮೂರು ಸಲ ಹೇಳಿಸಿದೆ.

"ಅಲ್ಲಿ ನೆನಪಿರತೈತೋ ಇಲ್ಲೋ," ಎಂದ. ಎದ್ದು ಒಳಗೆ ನಡೆದ.

ನಾನು ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲುವೆಯಲ್ಲಿ ಹರಿಗೋಲು. ಅಲ್ಲಿಯ ನೀರಿನ ಸೆಳೆತಕ್ಕೆ ಯಾರೂ ಹರಿಗೋಲು ಇಳಿಸುವುದಿಲ್ಲ. ದಾದಿ ಕೂತಿದ್ದಳು, ತಲೆ ಮೇಲೆ ಸೆರಗು, ಬೆನ್ನು ನೆಟ್ಟಗೆ. ಅವನು ತಿರುಗಿ ನೋಡಿದ. ದಾದಿ ನೋಡಲಿಲ್ಲ.

ಒಳಗೆ ಫೂಫಿ ಅಳುವುದು ಕೇಳಿಸಿತು.

ಏಪ್ರಿಲ್ 12

ಪರೀಕ್ಷೆಗೆ ಕೂರುವಂತಿಲ್ಲ. ಶಾರ್ಟೇಜ್. ಈದ್ ಬಂತು, ಹೋಯಿತು. ಮಾತಾಡಿಸಲು ಬಂದವರೆಲ್ಲ ಒಂದೇ ಹೇಳುತ್ತಾರೆ — ಎಷ್ಟು ಸೇವೆ ಮಾಡಿದಳು, ಇಂಥ ಮೊಮ್ಮಗಳು ಸಿಗಬೇಕು. ಚಹಾ ಕೊಡುತ್ತೇನೆ. ಕಪ್ಪು ತೊಳೆಯುತ್ತೇನೆ.

ಮೂರು ಗಂಟೆಯಾದರೆ ಗೋಡೆಗೆ ಮುಖ ಮಾಡಿ ಮಲಗುತ್ತೇನೆ. ಅವನ ಮುಖ ನೆನಪಿಸಿಕೊಳ್ಳಲು ಹೋದರೆ ದಾದಿಯ ಕೂಗು ಬರುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಬರುವುದೇ ಇಲ್ಲ.

ಇವತ್ತು ಮಂಚ ಹೊರಗೆ ಹಾಕಿದೆವು. ಅಬ್ಬಾ ಒಂದು ಕಡೆ, ನಾನು ಒಂದು ಕಡೆ. ಬಾಗಿಲಲ್ಲಿ ಸಿಕ್ಕಿತು, ಓರೆ ಮಾಡಿದೆವು. ಆಗ ಕಂಡಿತು. ಗೋಡೆ ಕಡೆಗಿದ್ದ ಮರದ ಪಟ್ಟಿ, ಒಳಬದಿ. ಗೀರುಗಳು. ಒಂದರ ಮೇಲೊಂದು, ಆಳವಾಗಿ, ನಾಲ್ಕು ನಾಲ್ಕು. ಇಲಿ ಕೆರೆದಿರಬೇಕು ಎಂದ ಅಬ್ಬಾ. ಹೌದು ಎಂದೆ.

ಈಗ ಅದರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ನನ್ನ ಬೆರಳು ಇಟ್ಟು ನೋಡಿದೆ. ನಾಲ್ಕೂ ದಾದಿಯ ಉಗುರು ಹೋದಲ್ಲೇ ಸರಿಯಾಗಿ ಕೂತವು.